ಹೆದ್ದಾರಿಯ ಬದಿಯ ಅಖಾಡ

ಅಮೆರಿಕದ ಫಿಲಡೆಲ್ಫಿಯಾ ನಗರದ ದಕ್ಷಿಣದಲ್ಲಿ, ಡೆಲವೇರ್ ನದಿಗೆ ಅನತಿದೂರದಲ್ಲಿ, ಸ್ವಾನ್ಸನ್ ಮತ್ತು ರಿಟ್ನರ್ ಬೀದಿಗಳು ಕೂಡುವೆಡೆ ಉಗ್ರಾಣದಂತಹ ಕಟ್ಟಡವೊಂದಿದೆ. ಪಕ್ಕದಲ್ಲಿಯೇ ಹೆದ್ದಾರಿ. ದಾರಿಹೋಕರು ತಿರುಗಿ ನೋಡುವಂತಹ ಚೆಲುವೇನೂ ಅದಕ್ಕಿಲ್ಲ. 1990ರ ದಶಕದಲ್ಲಿ ಅಲ್ಲಿ ‘ಬಿಂಗೋ’ ಎಂಬ ಅಂಕಿಯಾಟವೂ ನಡೆಯುತ್ತಿತ್ತು, ಮಲ್ಲಯುದ್ಧವೂ ನಡೆಯುತ್ತಿತ್ತು.

1992ರಲ್ಲಿ ಟಾಡ್ ಗಾರ್ಡನ್ ಸ್ಥಾಪಿಸಿದ ‘ಈಸ್ಟರ್ನ್ ಚಾಂಪಿಯನ್‌ಷಿಪ್ ರೆಸ್ಲಿಂಗ್’ ಈ ಊರಿನ ಪುಟ್ಟ ಕುಸ್ತಿ ಕಂಪೆನಿ. 1994ರ ಆಗಸ್ಟ್ 27ರಂದು ಷೇನ್ ಡಗ್ಲಸ್ ಎಂಬ ಜಟ್ಟಿ, ತಾನು ಆಗತಾನೆ ಗೆದ್ದ ಹಳೆಯ ಒಕ್ಕೂಟದ ಜಗಜ್ಜಟ್ಟಿ ಪಟ್ಟವನ್ನು ಇಲ್ಲಿಯೇ ನೆಲಕ್ಕೆಸೆದನು. ಕಂಪೆನಿಯ ಹೆಸರಿನಲ್ಲಿದ್ದ ‘ಈಸ್ಟರ್ನ್’ ಹೋಗಿ ‘ಎಕ್ಸ್‌ಟ್ರೀಮ್’ ಬಂದಿತು. ವೃತ್ತಿಕುಸ್ತಿಯಲ್ಲಿ ಸೋಲುಗೆಲುವು ಮೊದಲೇ ಗೊತ್ತಾದದ್ದು. ಆದರೆ ಮುಳ್ಳುತಂತಿ ಗೀರಿದಾಗ ಒಸರುವ ನೆತ್ತರು ಸುಳ್ಳಲ್ಲ. ಪ್ರೇಕ್ಷಕರು ಮನೆಯಿಂದ ಬಾಣಲೆಗಳನ್ನು ತಂದು ಜಟ್ಟಿಗಳ ಕೈಗೆ ಕೊಡುತ್ತಿದ್ದರು!

1997ರ ಏಪ್ರಿಲ್ 13ರಂದು, ಹಣ ತೆತ್ತು ನೋಡುವ ಟೆಲಿವಿಷನ್ ಪ್ರಸಾರದ ಮೂಲಕ, ಪಾಲ್ ಹೇಮನ್ ಈ ಅಖಾಡವನ್ನು ದೂರದೂರದ ಮನೆಗಳಿಗೆ ಮುಟ್ಟಿಸಿದನು. 1999ರಲ್ಲಿ ರಾಷ್ಟ್ರೀಯ ವಾಹಿನಿಯಲ್ಲಿ ವಾರವಾರದ ಪ್ರದರ್ಶನವೂ ದೊರೆಯಿತು. ಆದರೆ ಕೀರ್ತಿಯ ಜೊತೆಗೆ ಖರ್ಚೂ ಬೆಳೆಯಿತು. ಹೆಸರಾಂತ ಜಟ್ಟಿಗಳನ್ನು ದೊಡ್ಡ ಕಂಪೆನಿಗಳು ಸೆಳೆದುಕೊಂಡವು. 2000ದಲ್ಲಿ ಆ ಪ್ರಸಾರ ನಿಂತಿತು. 2001ರ ಏಪ್ರಿಲಿನಲ್ಲಿ ಕಂಪೆನಿ ದಿವಾಳಿಯೆದ್ದಿತು.

ದೇಶವೆಲ್ಲ ಕಂಡ ಕಂಪೆನಿ ಅಳಿಯಿತು. ಅದನ್ನು ಸಾಕಿದ ಉಗ್ರಾಣ ಮಾತ್ರ ಉಳಿದು, ಬೇರೆ ಜಟ್ಟಿಗಳಿಗೆ ಬಾಗಿಲು ತೆರೆಯಿತು.