ಎದುರುಬದುರು ಹೋಟೆಲುಗಳು

ಕೋಗಿಲಬನದಿಂದ ದಾಂಡೇಲಿ ಪೇಟೆಗೆ ಹೋದಾಗಲೆಲ್ಲ ನಮ್ಮ ಶಿಕ್ಷಕ ಬಳಗದಲ್ಲಿ ಒಂದೇ ಚರ್ಚೆ: ಊಟ ಎಲ್ಲಿ? 1955ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆಯು ಬಯಲುಸೀಮೆಯವರನ್ನೂ ಕರಾವಳಿಯವರನ್ನೂ ಒಂದೇ ಊರಿಗೆ ಕರೆತಂದಿತ್ತು; ರುಚಿಗಳೂ ಅವರೊಡನೆ ಬಂದಿದ್ದವು. ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಎದುರಿನ ಹೋಟೆಲಿನಲ್ಲಿ ಅನ್ನ, ಬಂಗಡೆ ಸಾರು, ಸೋಲ್‌ಕಡಿ. ಮೀನುಪ್ರಿಯನಾದ ನಾನು ಸದಾ ಎರಡನೆಯದರ ವಕೀಲ.

1984ರ ಮಳೆಗಾಲದ ಒಂದು ಮಧ್ಯಾಹ್ನ, ತಟ್ಟೆ ಎತ್ತಲು ಬಂದ ಹುಡುಗ ತಲೆ ತಗ್ಗಿಸಿ, "ನಮಸ್ಕಾರ್ರಿ ಸರ್" ಎಂದ. ಎರಡು ತಿಂಗಳಿಂದ ಹಾಜರಿ ಪುಸ್ತಕದಲ್ಲಿ ನಾನು ಗೈರುಹಾಜರಿ ಬರೆಯುತ್ತಿದ್ದ ಐದನೆಯ ತರಗತಿಯ ಬಾಲಕ! ಅದಕ್ಕೂ ಮೊದಲು ಎಷ್ಟು ಸಲ ನನ್ನ ಎಂಜಲು ಎತ್ತಿದ್ದನೋ. ನಾನು ಸಾರನ್ನು ಹೊಗಳುತ್ತಿದ್ದೆನೇ ಹೊರತು ಮುಖ ನೋಡಿರಲಿಲ್ಲ. ಮನಸ್ಸು ಕೆಟ್ಟು ಮರುವಾರ ಖಾನಾವಳಿಗೆ ಹೋದೆ. ಅಲ್ಲಿಯೂ ಅದೇ ವಯಸ್ಸಿನ ಇನ್ನೊಬ್ಬನಿದ್ದ.

ಅವನ ಮನೆಗೂ ಹೋಗಿ ಬಂದೆ. ತಂದೆಗೆ ಕಾಯಿಲೆ, ತಲೆಯ ಮೇಲೆ ಸಾಲ. ಹುಡುಗ ಶಾಲೆಗೆ ಮರಳಲಿಲ್ಲ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸಬಾರದೆಂಬ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. ಅವನಿಗೆ ಅದು ಬಹಳ ತಡವಾಗಿತ್ತು.

ಊರಿಗೆ ಬಂದ ನೀವು ಈಗಲೂ ಕೇಳುತ್ತೀರಿ, "ಸರ್, ಯಾವ ಹೋಟೆಲು ಚೆನ್ನ?" ರುಚಿಯ ಮಾತು ಆಮೇಲೆ. ಮೊದಲು ತಟ್ಟೆ ಎತ್ತುವವರ ಮುಖ ನೋಡಿರಿ.