ಕಲ್ಲು ತಿರುವಿ ನೋಡುವ ಪಾಠ

ದೀಪಾವಳಿ ಕಳೆದು ಮಳೆ ಪೂರಾ ಹಿಂದೆಗೆಯಿತೆಂದರೆ ನಮ್ಮ ಕಡೆಯ ರಸ್ತೆಗಳಲ್ಲಿ ಶಾಲಾ ಬಸ್ಸುಗಳು ಕಾಣಿಸಿಕೊಳ್ಳುತ್ತವೆ. ಬೆಂಗಳೂರಿನಿಂದ ಬೆಳಗಿನ ಜಾವ ಹೊರಟವು ಹಾಸನ ಬಿಟ್ಟು, ಪಾಳ್ಯ, ಬಾಳ್ಳುಪೇಟೆ ದಾಟಿ, ಹೆದ್ದಾರಿಯಿಂದ ತೋಟದ ಮಣ್ಣುದಾರಿಗೆ ಇಳಿಯುವಾಗ ಮಧ್ಯಾಹ್ನದ ಊಟದ ಹೊತ್ತಾಗಿರುತ್ತದೆ. ಕಿಟಕಿಗೆ ಮುಖ ಒತ್ತಿಕೊಂಡ ಮಕ್ಕಳು, ಮತ್ತೆ ಮತ್ತೆ ತಲೆ ಎಣಿಸುವ ಮಿಸ್ಸು. ಆಲೂರು, ಸಕಲೇಶಪುರದ ಕಾಫಿ ತೋಟಗಳ ನಡುವೆ ಇಂಥ ಮಕ್ಕಳಿಗಾಗಿಯೇ ಟೆಂಟು ಹಾಕಿ ಶಿಬಿರ ನಡೆಸುವವರು ಈಗ ಹಲವರಿದ್ದಾರೆ. ನಮ್ಮ ತೋಟದ ಬೇಲಿಯಾಚೆಗೂ ಒಂದಿದೆ. ಹಳ್ಳ ನಮ್ಮ ಜಮೀನಿನಲ್ಲಿ ಹರಿಯುತ್ತದಾದ್ದರಿಂದ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದನ್ನು ಬೇರೆಯವರಿಗೆ ಬಿಟ್ಟುಕೊಡುವ ಮನಸ್ಸು ನನಗಿಲ್ಲ.

ಶಿಬಿರದ ದಿನಚರಿ ಎಲ್ಲ ಕಡೆಯೂ ಹೆಚ್ಚು ಕಡಿಮೆ ಒಂದೇ. ಹಗ್ಗದ ಸೇತುವೆ, ಜಿಪ್‌ಲೈನು, ಟೈರಿನೊಳಗೆ ನುಸುಳುವುದು, ರಾತ್ರಿ ಬೆಂಕಿ ಹಾಕಿಕೊಂಡು ಹಾಡು. ಇದರಲ್ಲಿ ತಪ್ಪೇನಿಲ್ಲ. ಮನೆ ಬಿಟ್ಟು ಎರಡು ರಾತ್ರಿ ಮಲಗುವುದು, ಉಂಡ ತಟ್ಟೆ ತಾನೇ ತೊಳೆಯುವುದು, ಕತ್ತಲಲ್ಲಿ ಗೆಳೆಯನನ್ನು ಎಬ್ಬಿಸಿಕೊಂಡು ಬಚ್ಚಲಿಗೆ ಹೋಗಿಬರುವುದು, ಇವೆಲ್ಲ ಹತ್ತು ಹನ್ನೆರಡರ ವಯಸ್ಸಿಗೆ ಆಗಲೇಬೇಕಾದ ಅಭ್ಯಾಸಗಳು. ಆದರೆ ಹಗ್ಗವನ್ನು ಎಲ್ಲಿ ಬೇಕಾದರೂ ಕಟ್ಟಬಹುದು, ಬೆಂಗಳೂರಿನ ಮಾಲಿನೊಳಗೂ ಕಟ್ಟಿದ್ದಾರೆ. ಅದಕ್ಕಾಗಿ ಇನ್ನೂರು ಕಿಲೋಮೀಟರಿಗೂ ಮೇಲೆ ಬಸ್ಸಿನಲ್ಲಿ ಕೂರಬೇಕಾಗಿಲ್ಲ. ಈ ಬೆಟ್ಟಗಳಿಗೆ ಬಂದ ಮಗುವಿಗೆ ಈ ಬೆಟ್ಟಗಳಲ್ಲೇ ಸಿಗುವುದನ್ನು ಕೊಟ್ಟು ಕಳಿಸಬೇಕೆಂಬುದು ನನ್ನ ಹಟ.

ನಮ್ಮ ಹಳ್ಳ ದೊಡ್ಡದೇನಲ್ಲ. ನವೆಂಬರಿನಲ್ಲಿ ನೀರು ಮೊಣಕಾಲಿಗೂ ಬರುವುದಿಲ್ಲ. ಮಕ್ಕಳು ಸಾಲಾಗಿ ಇಳಿದು, ತಲೆಗೊಂದರಂತೆ ಅಂಗೈಯಗಲದ ಕಲ್ಲು ಎತ್ತಿ, ಅಡಿಭಾಗ ಮೇಲೆ ಮಾಡಿ ನೋಡಬೇಕು. ಪಾಠ ಇಷ್ಟೇ. ಮೊದಲಿಗೆ ಏನೂ ಕಾಣುವುದಿಲ್ಲ. "ಅಂಕಲ್, ಇದ್ರಲ್ಲಿ ಏನೂ ಇಲ್ಲ" ಎಂದು ಕಲ್ಲು ಎಸೆಯಲು ಕೈ ಎತ್ತುತ್ತಾರೆ. "ತಡಿಯಪ್ಪ, ನೀರು ಇಳೀಲಿ" ಎನ್ನುತ್ತೇನೆ. ನೀರಿನ ಪೊರೆ ಜಾರಿದಂತೆ ಕಲ್ಲಿನ ಮೇಲೆ ಏನೋ ಸರಿದಾಡುತ್ತದೆ. ಕಲ್ಲಿಗೇ ಅಂಟಿದಂಥ ಚಪ್ಪಟೆ ಮೈ, ಬಾಲದ ತುದಿಯಲ್ಲಿ ಕೂದಲೆಳೆಯಷ್ಟು ಸಣ್ಣ ಎರಡೋ ಮೂರೋ ದಾರ, ಹೊಟ್ಟೆಯ ಎರಡು ಪಕ್ಕದಲ್ಲೂ ಬಿಡದೆ ಬಡಿದುಕೊಳ್ಳುವ ಕಿವಿರು. ಇದು ಮೇಫ್ಲೈ ಎಂಬ ಹುಳದ ಮರಿ. ನೀರಿನೊಳಗೆ ತಿಂಗಳುಗಟ್ಟಲೆ ಬೆಳೆದು ರೆಕ್ಕೆ ಬಂದು ಹಾರಿದ ಮೇಲೆ ಒಂದೆರಡು ದಿನ ಬದುಕಿದರೆ ಹೆಚ್ಚು. ರೆಕ್ಕೆ ಬಂದಮೇಲೆ ಅದು ಏನನ್ನೂ ತಿನ್ನುವುದಿಲ್ಲ ಎಂದಾಗ ಎಲ್ಲ ಮಕ್ಕಳ ಮುಖದಲ್ಲೂ ಒಂದೇ ಬಗೆಯ ಕಳವಳ ಕಾಣುತ್ತದೆ. "ಹಸಿವಾಗಲ್ವಾ ಅದಕ್ಕೆ?" ಎಂದು ಒಬ್ಬರಾದರೂ ಕೇಳಿಯೇ ಕೇಳುತ್ತಾರೆ.

ಇನ್ನೊಂದು ಕಲ್ಲಿನ ಸಂದಿಯಲ್ಲಿ ಮರಳಿನ ಕಾಳುಗಳು ಗುಪ್ಪೆಯಾಗಿ ಅಂಟಿಕೊಂಡಿರುತ್ತವೆ. ಬೆರಳ ತುದಿಗೆ ತೆಗೆದುಕೊಂಡು ನೋಡಿದರೆ ಅದೊಂದು ಕೊಳವೆ. ಅಂಗೈಮೇಲೆ ಇಟ್ಟು ಸುಮ್ಮನಿದ್ದರೆ ಕೊಳವೆಯ ಬಾಯಿಂದ ಕಂದು ತಲೆ, ಆಮೇಲೆ ಕಾಲುಗಳು ಹೊರಗೆ ಬರುತ್ತವೆ, ಕೊಳವೆ ನಡೆಯತೊಡಗುತ್ತದೆ. ಕ್ಯಾಡಿಸ್ ಹುಳದ ಮರಿ ಅದು. ಬಾಯಿಂದ ರೇಷ್ಮೆಯ ಎಳೆ ತೆಗೆದು, ಒಂದೊಂದೇ ಮರಳಕಾಳು ಆರಿಸಿ ಅಂಟಿಸಿ ತನ್ನ ಮೈಯಳತೆಗೆ ಮನೆ ಕಟ್ಟಿಕೊಳ್ಳುತ್ತದೆ. ಕೆಲವು ಜಾತಿಯವು ಎಲೆಚೂರಿನಲ್ಲಿ, ಕೆಲವು ಕಡ್ಡಿಚೂರಿನಲ್ಲಿ ಕಟ್ಟುತ್ತವೆ. ಬಸ್ಸಿನಿಂದಿಳಿದಾಗ ನಿಂತಲ್ಲಿ ನಿಲ್ಲದ ಹುಡುಗರು ಇದನ್ನು ನೋಡುತ್ತ ಎಷ್ಟು ಹೊತ್ತು ಬೇಕಾದರೂ ಬಗ್ಗಿ ನಿಲ್ಲುತ್ತಾರೆ.

ಈ ಹುಳಗಳಿದ್ದರೆ ನೀರು ತಕ್ಕಮಟ್ಟಿಗೆ ಚೊಕ್ಕಟವಾಗಿದೆ, ಅದರಲ್ಲಿ ಉಸಿರಾಡುವಷ್ಟು ಆಮ್ಲಜನಕ ಇದೆ ಎಂದು ಅರ್ಥ. ಹೊಳೆಯ ಆರೋಗ್ಯ ತಿಳಿಯಲು ಬೇರೆ ಬೇರೆ ದೇಶಗಳಲ್ಲಿ ವಿಜ್ಞಾನಿಗಳು ಇವನ್ನೇ ಹಿಡಿದು ಎಣಿಸುತ್ತಾರೆ. ನಮ್ಮಲ್ಲಿ ಇದರ ಇನ್ನೊಂದು ಮುಖವನ್ನೂ ತೋರಿಸಬೇಕಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಅರೇಬಿಕಾ ಹಣ್ಣು ಕುಯ್ದು ಪಲ್ಪರಿಗೆ ಹಾಕುವಾಗ ಬರುವ ಸಿಹಿ ಲೋಳೆಯ ನೀರನ್ನು ಗುಂಡಿಯಲ್ಲಿ ಇಂಗಿಸದೆ ಹಳ್ಳಕ್ಕೆ ಬಿಟ್ಟರೆ, ಅದು ಕೊಳೆಯುತ್ತ ನೀರಿನ ಉಸಿರನ್ನೆಲ್ಲ ತಿಂದುಹಾಕುತ್ತದೆ. ಅಂಥ ಕಡೆ ಕಲ್ಲು ತಿರುವಿದರೆ ಲೋಳೆ, ವಾಸನೆ, ಹೆಚ್ಚೆಂದರೆ ಒಂದಿಷ್ಟು ಕೆಂಪು ಹುಳ. ಕಾಫಿ ಬೆಳೆಯುವ ನಾವೇ ಇದನ್ನು ಮಕ್ಕಳೆದುರು ಹೇಳುವುದು ನ್ಯಾಯ. ಒಳ್ಳೆಯ ಹಳ್ಳವನ್ನಷ್ಟೇ ತೋರಿಸಿ ಕಳಿಸಿದರೆ ಅರ್ಧ ಪಾಠ ಮುಚ್ಚಿಟ್ಟಂತೆ. ಹಳ್ಳದಿಂದ ಮೇಲೆ ಬರುವ ಮುನ್ನ ಒಂದು ಕಟ್ಟುನಿಟ್ಟು: ಎತ್ತಿದ ಕಲ್ಲನ್ನು ಎತ್ತಿದ ಜಾಗದಲ್ಲೇ, ಇದ್ದ ಮಗ್ಗುಲಿಗೇ ಇಡಬೇಕು.

ಆಮೇಲೆ ದಿಣ್ಣೆ ಹತ್ತಿ ಕೂತು ನೀರು ಎಲ್ಲಿಗೆ ಹೋಗುತ್ತದೆಂದು ಮಾತಾಡುತ್ತೇವೆ. ಈ ಹಳ್ಳ ಹೇಮಾವತಿಗೆ ಸೇರುತ್ತದೆ. ಹೇಮಾವತಿ ಗೊರೂರಿನ ಅಣೆಕಟ್ಟೆಯಲ್ಲಿ ನಿಂತು ಹೊರಟು, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಗೆ ಕೂಡುತ್ತದೆ. ಆ ಕಾವೇರಿ ನೀರನ್ನೇ ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರಿನಷ್ಟು ದೂರ ಪಂಪು ಮಾಡಿ ಬೆಂಗಳೂರಿಗೆ ಕೊಡುತ್ತಾರೆ. ಮಕ್ಕಳು ತಮ್ಮ ನೀರಿನ ಬಾಟಲಿ ಎತ್ತಿ ನೋಡಿಕೊಳ್ಳುತ್ತಾರೆ. ಸಕಲೇಶಪುರ ತಾಲ್ಲೂಕಿನ ಪಡುವಣ ಇಳಿಜಾರಿನಲ್ಲಿ ಬಿದ್ದ ಮಳೆಗೆ ಬೇರೆ ದಾರಿ. ಕೆಂಪುಹೊಳೆ ಹಿಡಿದು, ಕುಮಾರಧಾರೆ ಕೂಡಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರಿ ಮಂಗಳೂರಿನಲ್ಲಿ ಅರಬ್ಬಿ ಸಮುದ್ರ ಕಾಣುತ್ತದೆ. ಬಿಸಿಲೆ ಕಡೆಯ ಮಂಕನಹಳ್ಳಿಯ ಹತ್ತಿರ ಈ ಎರಡು ದಾರಿ ಕವಲೊಡೆಯುವ ಏಣು ಇದೆ. ಅತ್ತ ಬಿದ್ದದ್ದು ಪಡುವಣ ಕಡಲಿಗೆ, ಇತ್ತ ಬಿದ್ದದ್ದು ಬಂಗಾಳ ಕೊಲ್ಲಿಗೆ. ಈಗ ಅದೇ ಪಡುವಣದ ನೀರನ್ನು ಏಣಿನ ಮೇಲಕ್ಕೆತ್ತಿ ಮೂಡಲಿಗೆ ಹರಿಸುವ ಎತ್ತಿನಹೊಳೆ ಯೋಜನೆ ಬಂದಿದೆ. ಲೆಕ್ಕ 24.01 ಟಿಎಂಸಿ. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತಕ್ಕೆ ಚಾಲನೆ ಸಿಕ್ಕಿತು. ಕೋಲಾರ, ಚಿಕ್ಕಬಳ್ಳಾಪುರದ ಬಾಯಾರಿಕೆ ಸುಳ್ಳಲ್ಲ, ಇಲ್ಲಿ ಅಗೆದ ಗುಡ್ಡಗಳೂ ಸುಳ್ಳಲ್ಲ. ಶಿಬಿರದವರು ಬಸ್ಸನ್ನು ಆ ದೊಡ್ಡ ಪೈಪುಗಳ ದಾರಿ ತಪ್ಪಿಸಿ ಚೆಂದದ ದಾರಿಯಲ್ಲಿ ತರಲು ನೋಡುತ್ತಾರೆ. ಪೈಪುಗಳ ಪಕ್ಕ ನಿಲ್ಲಿಸಿ ಮಕ್ಕಳನ್ನು ಇಳಿಸಿ ತೋರಿಸಿ ಎಂದು ನಾನು ಹೇಳುತ್ತ ಬಂದಿದ್ದೇನೆ. ಎರಡೂ ಕಡೆಯ ಮಾತು ಕೇಳಿಸಿಕೊಳ್ಳುವಷ್ಟು ಬುದ್ಧಿ ಏಳನೇ ತರಗತಿಯ ಮಗುವಿಗೆ ಇದ್ದೇ ಇರುತ್ತದೆ.

ಇಂಬಳದ ವಿಷಯ ಹೇಳದೆ ಮಲೆನಾಡಿನ ನಡಿಗೆ ಮುಗಿಯುವುದಿಲ್ಲ. ಮಳೆ ಹಿಂದಾದ ವರ್ಷ ನವೆಂಬರಿನಲ್ಲೂ ತರಗೆಲೆಯ ಮೇಲೆ ಎದ್ದು ನಿಂತು ತೂಗಾಡುತ್ತಿರುತ್ತವೆ. ನಮ್ಮ ಉಸಿರು, ಮೈಬಿಸಿ, ಹೆಜ್ಜೆಯ ಅದುರು ಅವಕ್ಕೆ ಗೊತ್ತಾಗುತ್ತದೆ. ಕಚ್ಚಿದರೆ ನೋವಿಲ್ಲ, ರಕ್ತ ಮಾತ್ರ ಬೇಗ ನಿಲ್ಲುವುದಿಲ್ಲ. ಹೊಗೆಸೊಪ್ಪು, ಉಪ್ಪು ಕಟ್ಟಿದ ಬಟ್ಟೆಗಂಟನ್ನು ಕೋಲಿಗೆ ಸಿಕ್ಕಿಸಿಕೊಂಡು ನಮ್ಮ ಮೇಸ್ತ್ರಿ ಮುಂದೆ ಹೋಗುತ್ತಾರೆ. ಮೊದಲ ಇಂಬಳಕ್ಕೆ ಬರುವ ಕಿರುಚಾಟ ಎರಡನೆಯದಕ್ಕೆ ಇರುವುದಿಲ್ಲ. ಸಂಜೆ ಹೊತ್ತಿಗೆ ಮಕ್ಕಳು ಒಬ್ಬರ ಕಾಲಿನದನ್ನು ಇನ್ನೊಬ್ಬರು ಬಿಡಿಸುತ್ತಿರುತ್ತಾರೆ.

ಆ ಮೇಸ್ತ್ರಿಯ ಬಗ್ಗೆ ಹೇಳಬೇಕು. ಕಾಫಿ ಗಿಡದ ನೆರಳಿಗೆಂದು ಬಿಟ್ಟ ಅತ್ತಿ, ಬಸರಿ, ಹೊನ್ನೆ, ಹಾಲುವಾಣ, ಯಾವುದು ಯಾವಾಗ ಹಣ್ಣಾಗುತ್ತದೆ, ಯಾವ ಹಣ್ಣಿಗೆ ಮಂಗಟ್ಟೆ ಬರುತ್ತದೆ, ಯಾವುದಕ್ಕೆ ಕೆಂದಳಿಲು ಬರುತ್ತದೆ ಎಲ್ಲ ಅವರಿಗೆ ಬಾಯಿಪಾಠ. ಚಿಗಳಿ ಇರುವೆಗಳು ಎಲೆ ಹೊಲಿದು ಕಟ್ಟಿದ ಗೂಡನ್ನು ತೋರಿಸಿ, ಅದರ ಚಟ್ನಿ ಹೇಗೆ ಅರೆಯುತ್ತಾರೆಂದೂ ಹೇಳುತ್ತಾರೆ. ಜರಿಗಿಡದ ಎಲೆಯೊಂದನ್ನು ಕಿತ್ತು ಮಗುವಿನ ಮುಂಗೈ ಮೇಲೆ ಹಿಂಬದಿ ಕೆಳಗಾಗಿ ಒತ್ತುತ್ತಾರೆ. ಎತ್ತಿದಾಗ ಬೆಳ್ಳನೆಯ ಎಲೆಯಚ್ಚು ಮೂಡಿರುತ್ತದೆ. ಆ ಜರಿ ಅಮೆರಿಕ ಖಂಡದಿಂದ ಬಂದು ನಮ್ಮ ಘಟ್ಟದಲ್ಲಿ ಬೇರೂರಿದ್ದು ಎಂಬುದನ್ನು ಸೇರಿಸುವುದು ನನ್ನ ಕೆಲಸ. ಶಿಬಿರಗಳಲ್ಲಿ ಪಾಠ ಹೇಳಲು ಪಟ್ಟಣದಿಂದ ಬರುವ ಹುಡುಗ ಹುಡುಗಿಯರು ಉತ್ಸಾಹಿಗಳು, ಹಕ್ಕಿಗಳ ಪುಸ್ತಕ ಓದಿಕೊಂಡವರು. ಅವರಿಗೆ ಸಂಬಳವಿದೆ, ಹುದ್ದೆಯ ಹೆಸರಿದೆ. ಮೇಸ್ತ್ರಿಯಂಥವರಿಗೆ ಅನೇಕ ಕಡೆ ಆ ದಿನದ ಕೂಲಿಯಷ್ಟೇ ಸಿಗುತ್ತದೆ. ಇದು ಸರಿಯಲ್ಲ. ಕಲಿಸುವವರಿಗೆ ಕಲಿಸುವವರ ಸಂಬಳವನ್ನೇ ಕೊಡಬೇಕು.

ಒಂದು ವರ್ಷ ಪಕ್ಕದ ಶಿಬಿರದವರು ನಮ್ಮೂರ ಸರ್ಕಾರಿ ಶಾಲೆಯ ಏಳನೇ ತರಗತಿಯವರನ್ನೂ ಒಂದು ದಿನದ ಮಟ್ಟಿಗೆ ಸೇರಿಸಿಕೊಂಡರು. ಬೆಂಗಳೂರಿನ ಮಕ್ಕಳು ಒಂದು ಕಡೆ, ಇವರು ಒಂದು ಕಡೆ, ನಡುವೆ ಸಂಕೋಚ. ದಾರಿಯಲ್ಲಿ ಆನೆಲದ್ದಿ ಕಂಡಿತು. "ಆನೆ ಬರುತ್ತಾ ಇಲ್ಲಿಗೆ? ನಮಗೆ ನೋಡಕ್ಕೆ ಸಿಗುತ್ತಾ?" ಎಂದು ಬೆಂಗಳೂರಿನ ಹುಡುಗ ಹಿಗ್ಗಿನಿಂದ ಕೇಳಿದ. ನಮ್ಮೂರ ಹುಡುಗಿಯೊಬ್ಬಳು, "ಬರದೇ ಇರ್ಲಿ ಅಂತ ನಮ್ಮಮ್ಮ ಹೊಸಕೋಟೆ ಕೆಂಚಮ್ಮಂಗೆ ಹರಕೆ ಹೊತ್ಕೊಂಡವ್ರೆ" ಎಂದಳು. ಮಕ್ಕಳೆಲ್ಲ ಅವಳ ಕಡೆ ತಿರುಗಿದರು. ಆಮೇಲಿನ ಒಂದು ಗಂಟೆ ಪಾಠ ಮಾಡಿದ್ದು ಅವಳೇ. ಲದ್ದಿಯನ್ನು ಕಡ್ಡಿಯಿಂದ ಬಿಡಿಸಿ, ಒಳಗಿನ ಬಿಸಿ ನೋಡಿ, ರಾತ್ರಿಯದೋ ಬೆಳಗಿನದೋ ಹೇಳಿದಳು. ಬಗನಿ ಮರ ಸೀಳುವ ಸದ್ದು ಹೇಗಿರುತ್ತದೆ, ಮೊಬೈಲಿಗೆ ಆನೆ ಸುದ್ದಿ ಬಂದ ದಿನ ಮೇಷ್ಟ್ರು ಶಾಲೆ ಬೇಗ ಬಿಟ್ಟು ಮಕ್ಕಳನ್ನು ಗುಂಪಾಗಿ ಹೇಗೆ ಕಳಿಸುತ್ತಾರೆ, ಕುಯ್ಲಿಗೆ ಬಂದ ಗದ್ದೆ ಒಂದು ರಾತ್ರಿಯಲ್ಲಿ ಹೇಗೆ ಹೋಗುತ್ತದೆ, ಎಲ್ಲ ಹೇಳಿದಳು. ಭೀಮ ಎಂದು ಊರವರು ಹೆಸರಿಟ್ಟ ಸಲಗ ಸಾಧು ಎಂದಳು. ಅವಳ ದನಿಯಲ್ಲಿ ಭಯ ಇತ್ತು, ದ್ವೇಷ ಇರಲಿಲ್ಲ.

ಮಿಕ್ಕಿದ್ದನ್ನು ನಾನು ಸೇರಿಸಿದೆ. ಹೈಕೋರ್ಟಿನ ಆದೇಶದಂತೆ ರಚನೆಯಾದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟು ಆಲೂರು ಭಾಗದ ಆನೆಗಳನ್ನು ಹಿಡಿದು ಸಾಗಿಸಲು ಹೇಳಿತು. 2014ರ ಕಾರ್ಯಾಚರಣೆಯಲ್ಲಿ 22 ಆನೆಗಳನ್ನು ಹಿಡಿದರು. ಸ್ವಲ್ಪ ಕಾಲದಲ್ಲೇ ಬೇರೆ ಆನೆಗಳು ಆ ಜಾಗಕ್ಕೆ ಬಂದವು. 2023ರ ಡಿಸೆಂಬರ್ 4ರಂದು ಯಸಳೂರು ವಲಯದ ದಬ್ಬಳ್ಳಿಕಟ್ಟೆಯಲ್ಲಿ ಕಾಡಾನೆ ಹಿಡಿಯಲು ಹೋದ ದಸರಾ ಆನೆ ಅರ್ಜುನ ಕಾಡಾನೆಯ ಜೊತೆಗಿನ ಕಾದಾಟದಲ್ಲಿ ಸತ್ತ. ಎಂಟು ಬಾರಿ ಅಂಬಾರಿ ಹೊತ್ತಿದ್ದ ಆನೆ ಅದು. ಆ ಹೆಸರು ಎರಡೂ ಶಾಲೆಯ ಮಕ್ಕಳಿಗೆ ಗೊತ್ತಿತ್ತು. ಮಧ್ಯಾಹ್ನದ ಊಟಕ್ಕೆ ಕೂರುವಾಗ ಎರಡು ಗುಂಪು ಬೆರೆತುಹೋಗಿತ್ತು.

ಪರಿಸರ ವಿಷಯವನ್ನು ಶಾಲೆಗಳಲ್ಲಿ ಕಲಿಸಬೇಕೆಂದು ಸುಪ್ರೀಂ ಕೋರ್ಟ್ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಹೇಳಿದ್ದು 1991ರಲ್ಲಿ. ಪಠ್ಯಪುಸ್ತಕ ಬಂತು, ಪ್ರಶ್ನೆಪತ್ರಿಕೆಯೂ ಬಂತು. ಮಕ್ಕಳನ್ನು ಹೊರಗೆ ಕರೆದೊಯ್ಯುವ ಸರ್ಕಾರಿ ಪ್ರಯತ್ನಗಳಲ್ಲಿ ನನಗೆ ಮೆಚ್ಚುಗೆಯಾದದ್ದು ಅರಣ್ಯ ಇಲಾಖೆಯ ಚಿಣ್ಣರ ವನದರ್ಶನ. ಸರ್ಕಾರಿ ಶಾಲೆಯ ಮಕ್ಕಳನ್ನು ಇಲಾಖೆಯೇ ಕಾಡಿಗೆ ಕರೆದೊಯ್ದು, ಉಳಿಸಿಕೊಂಡು, ಉಣಿಸಿ, ತೋರಿಸಿ ಕಳಿಸುತ್ತದೆ. ಆದರೆ ಅದರಲ್ಲಿ ಸಿಗುವ ಜಾಗ ಕಡಿಮೆ, ಊರೂರಿನಲ್ಲೂ ಶಾಲೆಗಳಿವೆ. ಬೆಟ್ಟದ ಬುಡದಲ್ಲೇ ಇದ್ದು, ಬೆಟ್ಟವನ್ನು ಆನೆಭಯದ ಮೂಲಕ ಮಾತ್ರ ಬಲ್ಲ ಮಕ್ಕಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ತಮ್ಮ ಹಳ್ಳದ ಕಲ್ಲಿನಡಿ ಏನಿದೆಯೆಂದು ಅವರಿಗೂ ಯಾರೂ ತೋರಿಸಿಲ್ಲ. ಪಕ್ಕದ ಮೂಡಿಗೆರೆಯಲ್ಲಿ ಕೂತು ತೇಜಸ್ವಿ ಹಾರುವ ಓತಿಯನ್ನು ಕರ್ನಾಟಕಕ್ಕೆಲ್ಲ ತೋರಿಸಿದರು. ಅದೇ ಓತಿ ನಮ್ಮ ಅಡಿಕೆ ಮರದಲ್ಲಿ ಕೂತಿರುತ್ತದೆಂಬುದು ಇಲ್ಲಿನ ಮಗುವಿಗೆ ಗೊತ್ತಿರುವುದಿಲ್ಲ.

ಹಾಗಾಗಿ ಶಿಬಿರ ನಡೆಸುವವರಲ್ಲಿ, ಅವರಿಗೆ ಜಾಗ ಕೊಟ್ಟ ನಮ್ಮ ಬೆಳೆಗಾರರಲ್ಲಿ ಒಂದು ಕೋರಿಕೆ. ಪಟ್ಟಣದಿಂದ ಬರುವ ಪ್ರತಿ ತಂಡದ ಜೊತೆಗೆ ಹತ್ತಿರದ ಸರ್ಕಾರಿ ಶಾಲೆಯ ಹತ್ತು ಮಕ್ಕಳಿಗೆ ಜಾಗ ಮಾಡಿ. ಊಟ, ಹಾಸಿಗೆಯ ಖರ್ಚು ನಿಮಗೆ ಭಾರವಾಗುವಷ್ಟಿಲ್ಲ. ಮಕ್ಕಳನ್ನು ಕಳಿಸುವ ಪಟ್ಟಣದ ಶಾಲೆಗಳವರು ಹಣ ಕಟ್ಟುವ ಮೊದಲು ಫೋನಿನಲ್ಲಿ ಕೇಳಿ: ಊರಿನ ಮಕ್ಕಳು ಜೊತೆಗಿರುತ್ತಾರೆಯೇ, ದಾರಿ ತೋರಿಸುವವರು ಊರಿನವರೇ ಎಂದು. ಹತ್ತು ಶಾಲೆಗಳು ಹೀಗೆ ಕೇಳಿದರೆ ಮುಂದಿನ ವರ್ಷದಿಂದ ಶಿಬಿರದವರು ತಾವಾಗಿಯೇ ಸೇರಿಸಿಕೊಳ್ಳುತ್ತಾರೆ.