ನೊಣ ಹುಟ್ಟಿಸುವ ಕೆಲಸ

ನೊಣ ಓಡಿಸುವುದು ಎಲ್ಲರಿಗೂ ಗೊತ್ತು. ಹುಟ್ಟಿಸುವುದಕ್ಕೆ ಸ್ವಲ್ಪ ತಾಳ್ಮೆ ಬೇಕು. ವಸ್ತ್ರಾಪುರದ ನನ್ನ ಬಾಡಿಗೆ ಕೋಣೆಯಲ್ಲಿ ಒಂದು ಹೂವಿನ ಮ್ಯಾಂಟಿಸ್ ಇದೆ. ಸೂರ್ಯನ ಕುದುರೆ ಅಂತೀವಲ್ಲ, ಅದೇ ಬಳಗದ್ದು. ಬೆರಳುದ್ದವೂ ಇಲ್ಲ, ಹಟ ಮಾತ್ರ ದೊಡ್ಡದು. ಸತ್ತದ್ದನ್ನು ತಿರುಗಿಯೂ ನೋಡುವುದಿಲ್ಲ, ಅಲ್ಲಾಡುವುದಷ್ಟೇ ಊಟ. ಹಾರುವ ನೊಣ ಅಂದರೆ ಪ್ರಾಣ. ಬೀದಿಯ ನೊಣ ಹಿಡಿದು ಹಾಕಬಹುದು, ಆದರೆ ಅದು ಯಾವ ಔಷಧಿಯ ಮೇಲೆ ಕೂತು ಬಂದಿದೆಯೋ. ಅದಕ್ಕೇ ಕೋಶದಿಂದ ಎಬ್ಬಿಸುವ ದಾರಿ.

ಒದ್ದೆ ಮಾಡಿದ ಗೋಧಿ ಬೂಸಾಕ್ಕೆ ಹಾಲಿನ ಪುಡಿ ಬೆರೆಸಿದರೆ ನೊಣದ ಹುಳಗಳು ಚೆನ್ನಾಗಿ ಬೆಳೆಯುತ್ತವೆ. ತಿಂದು ಮುಗಿದ ಮೇಲೆ ಒಣಗಿದ ಅಂಚಿಗೆ ಬಂದು ಸುಮ್ಮನಾಗುತ್ತವೆ. ರೇಷ್ಮೆ ಹುಳದಂತೆ ನೂಲುವುದಿಲ್ಲ, ಕೊನೆಯ ಚರ್ಮವೇ ಗಟ್ಟಿಯಾಗಿ ಡಬ್ಬಿಯಾಗುತ್ತದೆ. ಮೊದಲು ಬಿಳಿ, ಆಮೇಲೆ ಕೆಂಗಂದು, ಕೊನೆಗೆ ಸುಟ್ಟ ಅಕ್ಕಿಯ ಬಣ್ಣ. ಆಗ ಜರಡಿ ಹಿಡಿದು, ಕಾಗದದ ಮೇಲೆ ಒಂದೇ ಪದರವಾಗಿ ಹರಡಿ, ಡಬ್ಬಿಗೆ ತೆಳು ಬಟ್ಟೆ ಕಟ್ಟಬೇಕು. ಒಳಗೆ ಒಂದೆರಡು ಕಡ್ಡಿ ನಿಲ್ಲಿಸಬೇಕು, ಹೊರಬಂದ ನೊಣಕ್ಕೆ ಹತ್ತಿ ರೆಕ್ಕೆ ಬಿಡಿಸಲು ಜಾಗ ಬೇಕಲ್ಲ. ತೇವ ಹೆಚ್ಚಾದರೆ ಬೂಷ್ಟು, ತೀರಾ ಒಣಗಿದರೆ ನೊಣ ಅರ್ಧ ಹೊರಬಂದು ಸಿಕ್ಕಿಕೊಳ್ಳುತ್ತದೆ. ಬಟ್ಟೆಯ ಮೇಲೆ ದಿನಕ್ಕೊಮ್ಮೆ ನೀರು ಚಿಮುಕಿಸಿದರೆ ಸಾಕು.

ನೊಣ ಹೊರಬರುವುದು ನೋಡುವಂಥದ್ದು. ಅದರ ಹಣೆಯಲ್ಲಿ ಒಂದು ಚೀಲವಿದೆ. ಅದನ್ನು ಉಬ್ಬಿಸಿ ಉಬ್ಬಿಸಿ ಕೋಶದ ಮುಚ್ಚಳ ಒಡೆಯುತ್ತದೆ. ಕೆಲಸ ಮುಗಿದ ಮೇಲೆ ಚೀಲ ತಲೆಯೊಳಗೆ ಹೋದರೆ ಮತ್ತೆ ಯಾವತ್ತೂ ಬರುವುದಿಲ್ಲ. ಬೂದು ಬಣ್ಣದ, ರೆಕ್ಕೆ ಮುದುಡಿದ ಆ ಪ್ರಾಣಿ ಜೇಡದಂತೆ ಓಡಾಡುವುದನ್ನು ಕಂಡು ಸೋತಿತು ಅಂದುಕೊಳ್ಳಬಾರದು. ಕೆಲವು ಗಂಟೆ ಕಳೆಯಲಿ. ಆಮೇಲೆ ಡಬ್ಬಿಯನ್ನು ಐದು ನಿಮಿಷ ಫ್ರಿಜ್ಜಿನಲ್ಲಿಟ್ಟರೆ ನೊಣಗಳು ತೂಕಡಿಸುತ್ತವೆ, ಎಣಿಸಿ ಹಾಕಬಹುದು.

ಊರು ಅಹಮದಾಬಾದ್ ಆದ್ದರಿಂದ ಬಿಸಿಲಿನ ಲೆಕ್ಕ ಬೇರೆ. 2016ರ ಮೇ 20ರಂದು ಇಲ್ಲಿ 48 ಡಿಗ್ರಿ ಮುಟ್ಟಿತ್ತು ಅನ್ನುವುದು ಇಲ್ಲಿನವರಿಗೆ ಬಾಯಿಪಾಠ. ಬೆಚ್ಚಗಿದ್ದರೆ ನಾಲ್ಕೈದು ದಿನಕ್ಕೆ ಏಳುವ ಕೋಶ, ಅಂಥ ಬಿಸಿಲಿನಲ್ಲಿ ಒಳಗೇ ಬೇಯುತ್ತದೆ. ನನ್ನ ಡಬ್ಬಿ ಬೇಸಿಗೆಯಲ್ಲಿ ಮಣ್ಣಿನ ಮಡಕೆಯ ಪಕ್ಕ. ಜನವರಿಯಲ್ಲಿ ಅದೇ ಕೋಶ ಎರಡು ವಾರ ಕಲ್ಲಿನಂತೆ ಬಿದ್ದಿರುತ್ತದೆ. ಬಿಸಾಡಬಾರದು.

ಇಷ್ಟನ್ನು ಅಮ್ಮನಿಗೆ ಫೋನಿನಲ್ಲಿ ಹೇಳಿದರೆ ಆಕೆ ಮಾತೇ ಆಡಲಿಲ್ಲ. ನಮ್ಮದು ಶಿಡ್ಲಘಟ್ಟದ ಕಡೆ, ರೇಷ್ಮೆ ಮನೆ. ಊಜಿ ನೊಣ 1980ರಲ್ಲಿ ಪಶ್ಚಿಮ ಬಂಗಾಳದ ಗೂಡಿನ ಜೊತೆ ಕರ್ನಾಟಕಕ್ಕೆ ಬಂತು. ಹುಳದ ಮೈಮೇಲೆ ಸಾಸಿವೆಗಿಂತ ಚಿಕ್ಕ ಬಿಳಿ ಮೊಟ್ಟೆ, ನಾಲ್ಕು ದಿನ ಕಳೆದರೆ ಕಪ್ಪು ಮಚ್ಚೆ, ಕೊನೆಗೆ ತೂತು ಬಿದ್ದ ಗೂಡು. ತೂತಾದ ಗೂಡಿನಲ್ಲಿ ನೂಲು ಬಿಚ್ಚಲು ಬರುವುದಿಲ್ಲ. ಬಾಗಿಲು ಕಿಟಕಿಗೆಲ್ಲ ನೈಲಾನ್ ಪರದೆ ಕಟ್ಟಿ, ನೆಲದ ಬಿರುಕಿನಿಂದ ಊಜಿ ಕೋಶ ಆರಿಸಿ ಒಲೆಗೆ ಹಾಕಿದ ಕೈ ಅಮ್ಮನದು. ಅಷ್ಟೇ ಅಲ್ಲ, ಚಿಟ್ಟೆ ಗೂಡು ಒಡೆಯುವ ಮೊದಲೇ ಹಬೆಗೆ ಹಿಡಿಯುವುದು ರೇಷ್ಮೆಯ ಕಸುಬು. ಕೋಶದಿಂದ ಏನೂ ಹೊರಬರದಿದ್ದರೇ ನಮ್ಮ ಮನೆಗೆ ಲಾಭ. ನನ್ನ ಕಾಲೇಜಿನ ಫೀಸು ಹೋಗಿದ್ದು ಆ ಲಾಭದಿಂದ. 'ಓದಿಸಿದ್ದು ನೊಣ ಸಾಕೋಕಾ?' ಅಂತ ಕೇಳಿಯೇ ಕೇಳಿದಳು.

ಇಲ್ಲಿನ ಮನೆಯೊಡತಿ, ಎಲ್ಲರೂ ಬಾ ಅನ್ನುವ ಜೈನ ಅಜ್ಜಿ, ಇನ್ನೊಂದು ತುದಿ. ಈರುಳ್ಳಿ, ಆಲೂಗಡ್ಡೆ ಅಡುಗೆಮನೆಗೆ ಬರುವ ಹಾಗಿಲ್ಲ. ಇಲ್ಲಿಂದ ಸ್ವಲ್ಪ ದೂರದ ಚೌಕಕ್ಕೆ ಪಾಂಜ್ರಾಪೋಳ್ ಅಂತಲೇ ಹೆಸರು. ಮುದಿ ದನಗಳಿಗೆ ಆಶ್ರಯ ಕೊಡುವ ಸಂಸ್ಥೆ ಅದು. ಅಹಮದಾಬಾದಿನ ಪಾಂಜ್ರಾಪೋಳದಲ್ಲಿ ಹಿಂದೆ ಜೀವಾತ್‌ಖಾನಾ ಎಂಬ ಕೋಣೆಯೂ ಇತ್ತು. ಕಾಳಿನಿಂದ ಆರಿಸಿದ ಹುಳುಗಳನ್ನು ಕೊಲ್ಲದೆ ಅಲ್ಲಿ ಬಿಡುತ್ತಿದ್ದರು. ಅಂಥ ಊರಿನಲ್ಲಿ ನಾನು ತಿನ್ನಿಸಲಿಕ್ಕೆಂದೇ ನೊಣ ಹುಟ್ಟಿಸುತ್ತಿದ್ದೇನೆ. ಕೋಣೆ ಖಾಲಿ ಮಾಡು ಅನ್ನುತ್ತಾರೆಂದೇ ಅಂದುಕೊಂಡಿದ್ದೆ.

ಒಂದು ದಿನ ಡಬ್ಬಿ ನೋಡಿ ಕೇಳಿದರು: ಇದು ಎಷ್ಟು ತಿನ್ನುತ್ತದೆ? ಎರಡು ದಿನಕ್ಕೆ ಎರಡು ಅಂದೆ. ಬೇರೆ ಏನಾದರೂ ತಿನ್ನಲು ಬರುತ್ತದಾ? ಇಲ್ಲ ಅಂದೆ. ಸ್ವಲ್ಪ ಹೊತ್ತು ನಿಂತರು. ಈ ನೊಣಗಳು ಅಲ್ಲಿಯವರೆಗೆ ಏನು ತಿನ್ನುತ್ತವೆ? ಕೆಳಗೆ ಹೋಗಿ ಒಂದು ಚಿಟಿಕೆ ಸಕ್ಕರೆ ತಂದು ನನ್ನ ಅಂಗೈಗೆ ಹಾಕಿದರು. ಹಸಿದು ಹೋಗಬಾರದು ಅಂದರು.

ಈಗ ಪ್ರತಿ ತಂಡ ಹುಟ್ಟಿದಾಗಲೂ ಸಕ್ಕರೆ ಬರುತ್ತದೆ. ಸಕ್ಕರೆ ತಿಂದ ನೊಣ ಮ್ಯಾಂಟಿಸ್‌ಗೆ ಇನ್ನೂ ಒಳ್ಳೆಯ ಊಟ ಅನ್ನುವುದನ್ನು ನಾನು ಬಾಗೆ ಹೇಳಿಲ್ಲ.